ಹಳೆ ಹಾಸಿನ ತುದಿ

ಹೆತ್ತ ಮೇಲೂ ಮಕ್ಕಳು ತಾಯಿಯ ಮೈ ಬಿಟ್ಟು ಪೂರ್ತಿಯಾಗಿ ಹೊರಗೆ ಬರುವುದಿಲ್ಲ ಎಂಬ ಸಂಗತಿ ವಿಜ್ಞಾನಕ್ಕೆ ಗೊತ್ತಾಗಿ ಬಹಳ ವರ್ಷಗಳೇ ಆದವು. ಬಸುರಿಯಾಗಿದ್ದಾಗ ಕೂಸಿನ ಕೆಲವು ಜೀವಕೋಶಗಳು ಮಾಸನ್ನು ದಾಟಿ ತಾಯಿಯ ರಕ್ತಕ್ಕೆ ಇಳಿಯುತ್ತವೆ. ಹೆರಿಗೆಯಾದ ಮೇಲೆ ಅವು ಹೊರಟುಹೋಗಬೇಕು ತಾನೆ? ಹೋಗುವುದಿಲ್ಲ. ತಾಯಿಯ ಮೂಳೆಯ ಮಜ್ಜೆಯಲ್ಲಿ, ಗುಂಡಿಗೆಯಲ್ಲಿ, ಮಿದುಳಿನಲ್ಲಿ ಕೂಡ ಬಿಡಾರ ಹೂಡಿಕೊಂಡು ಹತ್ತಾರು ವರ್ಷ ಬದುಕಿರುತ್ತವೆ. ಮಿದುಳಿನಲ್ಲೂ ಸಿಕ್ಕವು ಎಂದು ಓದಿದ ದಿನ ನಮ್ಮ ಪ್ರಯೋಗಾಲಯದ ತಾಯಂದಿರೆಲ್ಲ ಬಿದ್ದುಬಿದ್ದು ನಕ್ಕರು. ಮಕ್ಕಳು ತಲೆ ತಿನ್ನುತ್ತವೆ ಎಂಬುದಕ್ಕೆ ಇನ್ನೇನು ಪುರಾವೆ ಬೇಕು ಎಂದರು.

ನಗದೆ ಕೂತಿದ್ದವರು ನಮ್ಮ ಮುಖ್ಯಸ್ಥರಾದ ಡಾ. ರೇಗೋ ಒಬ್ಬರೇ. ಮಂಗಳೂರಿನ ಕಡೆಯವರು, ಹುಬ್ಬಳ್ಳಿಗೆ ಬಂದು ತಲೆ ನರೆತರೂ ಜೋಳದ ರೊಟ್ಟಿಗೆ ಒಗ್ಗದವರು. ಅವರ ತಲೆಯಲ್ಲಿ ಒಂದೇ ಪ್ರಶ್ನೆ ಕೂತಿತ್ತು. ಮಗು ಮುಂದೆ ಎಂದೋ ಕಾಯಿಲೆ ಬಿದ್ದರೆ, ಕಾಯಿಲೆಗೆ ಮೊದಲಿನ ಅದರ ಒಳ್ಳೆಯ ಕೋಶಗಳು ತಾಯಿಯ ಹತ್ತಿರ ಇದ್ದೇ ಇರುತ್ತವಲ್ಲ, ಅವನ್ನು ತಿರುಗಿ ಪಡೆಯುವಂತಾದರೆ? ಆ ಪ್ರಶ್ನೆಯ ಬೆನ್ನು ಹತ್ತಿ ಅವರು ಮದುವೆಯನ್ನೇ ಮರೆತರು. ಕೊನೆಗೆ ನಮ್ಮ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆ ಯಂತ್ರ ಎದ್ದು ನಿಂತಿತು. ಅದರ ನಿಜವಾದ ಹೆಸರು ಬಾಯಿಗೆ ಹತ್ತುವಂಥದ್ದಲ್ಲ. ನಾವು ಜರಡಿ ಎನ್ನುತ್ತೇವೆ.

ಜರಡಿಯ ಕೆಲಸ ತಿಳಿಯುವುದು ಕಷ್ಟವಲ್ಲ. ತಾಯಿಗೆ ಮೊದಲು ಒಂದು ಔಷಧಿ ಕೊಡುತ್ತೇವೆ. ಮೂಳೆಯ ಸಂದಿಗೊಂದಿಯಲ್ಲಿ ಅಡಗಿ ಕೂತ ಮಕ್ಕಳ ಕೋಶಗಳು ಸಡಿಲಾಗಿ ರಕ್ತಕ್ಕೆ ಬರುತ್ತವೆ. ಒಂದು ತೋಳಿನಿಂದ ಹೊರಟ ರಕ್ತ ಯಂತ್ರವನ್ನು ಹಾದು ಇನ್ನೊಂದು ತೋಳಿಗೆ ಮರಳುತ್ತದೆ. ಪ್ರತಿ ಕೋಶದ ಮೇಲೂ ತಂದೆಯ ಕಡೆಯಿಂದ ಬಂದ, ಮಗುವಿನಿಂದ ಮಗುವಿಗೆ ಬೇರೆಯಾಗುವ ಹಲವು ಗುರುತುಗಳಿರುತ್ತವೆ, ಅವನ್ನು ನೋಡಿ ಯಂತ್ರ ಒಂದೊಂದು ಮಗುವಿನದನ್ನು ಒಂದೊಂದು ಚೀಲಕ್ಕೆ ಬೇರ್ಪಡಿಸುತ್ತದೆ. ಆಮೇಲೆ ಬೇಕಾದ ಚೀಲದ್ದನ್ನು ಬಿತ್ತನೆಯಾಗಿ ಇಟ್ಟುಕೊಂಡು ಎರಡು ವಾರ ಬೆಳೆಸಿದರೆ ಮಗುವಿಗೆ ಕೊಡುವಷ್ಟಾಗುತ್ತದೆ. ಬಿತ್ತನೆ ತೀರಾ ಕಡಿಮೆಯಾದರೆ ಮಾತ್ರ ಬೆಳೆಯುವುದಿಲ್ಲ.

ಆ ಯಂತ್ರವನ್ನು ನಡೆಸುವವಳು ನಾನು. ನಮ್ಮ ಅಣ್ಣನ ಮಗಳು ನೀಲಾ ಒಂದು ದಿನ ಅದರ ಬಾಗಿಲಿಗೆ ಬರುತ್ತಾಳೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ನಮ್ಮದು ಗುಳೇದಗುಡ್ಡ, ಖಣ ನೇಯುವ ಮನೆ. ಅಣ್ಣ ಸಂಗನಬಸಪ್ಪ ಮಗ್ಗದ ಮೇಲೆ ಕೂತರೆ ಊಟಕ್ಕೆ ಎಬ್ಬಿಸಲು ಇಬ್ಬರು ಬೇಕು. ಅವನ ಹೆಂಡತಿ ಮಹಾನಂದಾ ವೈನಿಯ ಕೆಲಸ ಕೆಚ್ಚುವುದು. ನೇಯ್ದದ್ದನ್ನು ಕತ್ತರಿಸಿ ತೆಗೆಯುವಾಗ ಮಗ್ಗವನ್ನು ಎಂದೂ ಬರಿದು ಮಾಡುವುದಿಲ್ಲ. ಹಳೆ ಹಾಸಿನ, ಅಂದರೆ ಉದ್ದೆಳೆಗಳ, ಒಂದು ಗೇಣು ತುದಿಯನ್ನು ಹಾಗೇ ಬಿಡುತ್ತಾರೆ. ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನೂ ಹಳೆಯ ಎಳೆಗೆ ಹೊಸೆದು ಕೂಡಿಸಬೇಕು, ಅದೇ ಕೆಚ್ಚುವುದು. ಬೆರಳಿಗೆ ಒಂಚೂರು ಬೂದಿ ಹಚ್ಚಿಕೊಂಡು ವೈನಿ ಸಾವಿರಾರು ಎಳೆಗಳನ್ನು ಮಾತಾಡುತ್ತಲೇ ಹೊಸೆದು ಮುಗಿಸುತ್ತಾರೆ.

ನೀಲಾ ಆ ಮಗ್ಗದ ಕೆಳಗೇ ಆಡಿ ಬೆಳೆದವಳು. ಹನ್ನೊಂದು ವರ್ಷಕ್ಕೆ ಊರಿನ ಎಲ್ಲ ಮಾಸ್ತರರ ದನಿಯನ್ನೂ ಅಣಕಿಸಿ ತೋರಿಸುತ್ತಿದ್ದಳು. ಗಣಿತದ ಮಾಸ್ತರರು ಕೆಮ್ಮಿ ಕೆಮ್ಮಿ ಲೆಕ್ಕ ಹೇಳುವುದನ್ನು ಅವಳು ಮಾಡಿದರೆ ಅಣ್ಣ ಲಾಳಿ ಕೈಬಿಟ್ಟು ನಗುತ್ತಿದ್ದ. ಒಂದು ದಿನ ಶಾಲೆಯಲ್ಲಿ ಮೂಗಿನಿಂದ ಹರಿದ ರಕ್ತ ನಿಲ್ಲಲಿಲ್ಲ. ಮೈಮೇಲೆ ಏಟು ಬೀಳದೆಯೇ ನೀಲಿ ಕಲೆಗಳು ಎದ್ದವು. ಮಜ್ಜೆ ಬತ್ತುವ ಕಾಯಿಲೆ. ರಕ್ತ ಹುಟ್ಟುವ ಜಾಗವೇ ಬರಿದಾಗುತ್ತಿತ್ತು. ಅವಳ ಅಣ್ಣ ಪ್ರಭುವಿನ ಮಜ್ಜೆ ಹೊಂದಲಿಲ್ಲ. ಅಪ್ಪನದು ಅರ್ಧ ಹೊಂದುವಂಥದ್ದು, ಅದನ್ನೇ ಹಾಕಿ ನೋಡಿದರು. ಅವಳ ಮೈ ಅದನ್ನು ತಳ್ಳಿಹಾಕಿತು. ಉಳಿದದ್ದು ಜರಡಿ ಒಂದೇ.

ವೈನಿಯನ್ನು ಕರೆದುಕೊಂಡು ನಮ್ಮ ಅವ್ವನೂ ಹುಬ್ಬಳ್ಳಿಗೆ ಬಂದಳು. ಸೊಸೆಯನ್ನು ಒಬ್ಬಳನ್ನೇ ಆಸ್ಪತ್ರೆಗೆ ಬಿಡುವ ಪೈಕಿ ಅಲ್ಲ ಅವಳು. ಡಾ. ರೇಗೋ ತಾವೇ ಎದುರು ಕೂತು ಕೇಳಿದರು.

"ಅಮ್ಮ, ನೀವು ಹೆತ್ತ ಮಕ್ಕಳು ಎಷ್ಟು? ಬದುಕಿಲ್ಲದೆ ಹೋದದ್ದಿದ್ದರೂ ಹೇಳಬೇಕು. ಯಂತ್ರಕ್ಕೆ ಅದು ಗೊತ್ತಿರಬೇಕಾಗ್ತದೆ."

ವೈನಿ ಬಾಯಿ ತೆರೆಯುವ ಮೊದಲೇ ಅವ್ವ ಅಂದಳು: "ಎರಡ್ರೀ ಡಾಕ್ಟ್ರ. ಒಂದ ಗಂಡು, ಒಂದ ಹೆಣ್ಣು. ಬ್ಯಾರೆ ಏನಿಲ್ಲ."

"ಹೌದಾ ಅಮ್ಮ?" ಎಂದು ಡಾಕ್ಟರು ವೈನಿಯನ್ನೇ ಕೇಳಿದರು. ವೈನಿ ನೆಲ ನೋಡುತ್ತ ಹೌದೆಂದು ತಲೆಯಾಡಿಸಿದರು.

ಜರಡಿ ಓಡಿತು. ಎರಡು ಚೀಲ ತುಂಬಬೇಕಾದಲ್ಲಿ ಮೂರನೆಯದಕ್ಕೂ ಬೀಳತೊಡಗಿತು. ಒಂದರಲ್ಲಿ ಪ್ರಭುವಿನ ಕೋಶಗಳು. ಉಳಿದ ಎರಡೂ ಹೆಣ್ಣುಮಗುವಿನವು, ಒಂದರಲ್ಲಿ ಎಣಿಸಿ ಬಿಡುವಷ್ಟು, ಇನ್ನೊಂದರಲ್ಲಿ ರಾಶಿ.

"ಇದೆಂತ ಮಾರಾಯ್ತಿ?" ಎಂದರು ಡಾ. ರೇಗೋ. ನನಗೂ ತಲೆಬುಡ ತಿಳಿಯಲಿಲ್ಲ. ಈ ಮೊದಲೊಮ್ಮೆ ಗುರುತು ಹಿಡಿಯುವ ಸಂವೇದಕ ಕೆಟ್ಟು ಯಂತ್ರ ಒಂದೇ ಮಗುವನ್ನು ಎರಡೆಂದು ಎಣಿಸಿತ್ತು. ಈಗಲೂ ಹಾಗೇ ಆಗಿದೆ, ನೀಲಾಳ ಕೋಶಗಳನ್ನೇ ಎರಡು ಪಾಲು ಮಾಡಿದೆ ಎಂದು ಇಬ್ಬರೂ ನಂಬಿದೆವು. ಪೂರ್ತಿ ಪರೀಕ್ಷೆಗೆ ಕಳಿಸಿದರೆ ಅದಕ್ಕೇ ಒಂದಷ್ಟು ಖರ್ಚಾಗಿ ಬಿತ್ತನೆ ಸೊರಗುತ್ತದೆ. ಖಾತ್ರಿಯಿಲ್ಲದ್ದನ್ನು ಕೂಸಿನ ಮೈಗೆ ಹಾಕುವುದೂ ಆಗದ ಮಾತು. ಚೀಲಗಳನ್ನು ಶೀತಪೆಟ್ಟಿಗೆಯಲ್ಲಿಟ್ಟೆವು. ಹೊಸ ಸಂವೇದಕ ಹೊರದೇಶದಿಂದ ಬರಬೇಕಿತ್ತು. ಮೂರು ವಾರ ಹಿಡಿಯಿತು.

ಆ ಮೂರು ವಾರದಲ್ಲಿ ನೀಲಾಳ ಎದೆಯಲ್ಲಿ ಬೂಷ್ಟು ಹಿಡಿಯಿತು. ಹಳಸಿದ ರೊಟ್ಟಿಗೆ ಹತ್ತುವಂಥದ್ದೇ, ನಾವು ನೀವು ದಿನಾ ಉಸಿರಲ್ಲಿ ಎಳೆದುಕೊಂಡು ಅರಗಿಸಿಕೊಳ್ಳುವ ಬೂಷ್ಟು. ಹೋರಾಡುವ ರಕ್ತವೇ ಇಲ್ಲದವಳಿಗೆ ಅದೇ ದೊಡ್ಡ ಶತ್ರು. ಗಾಜಿನ ಕೋಣೆಯಲ್ಲಿ ಮಲಗಿಕೊಂಡೇ ಅವಳು ನನಗೆ ಡಾ. ರೇಗೋ ಅವರ ದನಿ ಮಾಡಿ ತೋರಿಸಿದಳು. "ಇದೆಂತ ಮಾರಾಯ್ತಿ, ನಿನ್ನ ಯಂತ್ರ ಇನ್ನೂ ಎದ್ದಿಲ್ಲಾ?" ಎಂದಳು. ಅರ್ಧಕ್ಕೆ ಕೆಮ್ಮು ಬಂತು. ಗಣಿತದ ಮಾಸ್ತರರ ಕೆಮ್ಮೋ ಎಂದು ನಾನು ನಕ್ಕೆ. ಅದು ಅವಳದೇ ಕೆಮ್ಮಾಗಿತ್ತು.

ಹೊಸ ಸಂವೇದಕ ಬಂತು. ಮತ್ತೆ ವೈನಿಯ ರಕ್ತ ಹಾಯಿಸಿದೆವು. ಮತ್ತೆ ಮೂರೇ ಚೀಲ. ಡಾ. ರೇಗೋ ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿದರು.

ಮರುದಿನ ಭಾನುವಾರ. ಅವ್ವನ ಗುಳಿಗೆ, ನೀಲಾಳ ಬಟ್ಟೆ ತರಲೆಂದು ವೈನಿಯ ಜೊತೆ ನಾನೂ ಗುಳೇದಗುಡ್ಡಕ್ಕೆ ಹೋದೆ. ಹೊಸ ಹಾಸು ಬಂದು ಬಿದ್ದಿತ್ತು. ವೈನಿ ಬಟ್ಟೆ ಗಂಟು ಕಟ್ಟುವುದನ್ನು ಬಿಟ್ಟು ಕೆಚ್ಚಲು ಕೂತರು. ಕೈ ಸುಮ್ಮನಿದ್ದರೆ ಜೀವ ನಿಲ್ಲುವುದಿಲ್ಲ ಎಂದರು. ನಾನು ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತ ಯಂತ್ರವನ್ನು ಬೈಯ್ಯತೊಡಗಿದೆ.

"ಅದಕ್ಕ ಹುಚ್ಚ ಹಿಡದೈತಿ ವೈನಿ. ನಿಮಗ ಇರೂದು ಒಬ್ಬಾಕಿ ಮಗಳು. ಅದು ಇಬ್ರು ಅದಾರ ಅಂತೈತಿ. ಹೊಸಾದು ಹಾಕಿದ್ರೂ ಹಂಗ ಅಂತೈತಿ."

ವೈನಿಯ ಬೆರಳು ನಿಂತಿತು. ಹಳೆಯ ಎಳೆ ಒಂದು ಕೈಯಲ್ಲಿ, ಹೊಸ ಎಳೆ ಇನ್ನೊಂದರಲ್ಲಿ.

"ಎಷ್ಟ ಅದಾವಂತ, ಆ ಎರಡನೇದರದು?"

"ರಾಶಿ. ಅದನ್ನ ಹೇಳಾಕತ್ತೀನಿ. ಒಂದರಾಗ ಚಿಟಿಕಿ, ಇನ್ನೊಂದರಾಗ ರಾಶಿ."

ವೈನಿ ಎಳೆಗಳನ್ನು ಮೆಲ್ಲಗೆ ಕೆಳಗಿಟ್ಟರು. ಬಾಗಿಲ ಕಡೆ ನೋಡಿದರು. ಅವ್ವ ಆಸ್ಪತ್ರೆಯಲ್ಲಿದ್ದಾಳೆ ಎಂಬುದು ಆಮೇಲೆ ನೆನಪಾಯಿತೇನೋ.

"ನಿನ್ನ ಯಂತ್ರಕ್ಕ ಹುಚ್ಚ ಹಿಡದಿಲ್ಲ ಸುವರ್ಣಾ," ಎಂದರು. "ಚೊಚ್ಚಲದಾಕಿ ಒಬ್ಬಾಕಿ ಇದ್ಲು. ಪ್ರಭೂಗಿಂತ ಮೊದಲ. ನಮ್ಮ ತವರಮನ್ಯಾಗ ಹುಟ್ಟಿದ್ಲು. ಹೆಸರಿಡೂ ದಿನಾ ಬರೂದ್ರಾಗ ಹೋದ್ಲು."

ನಾನಾಗ ಬಾಗಲಕೋಟೆಯ ಹಾಸ್ಟೆಲಿನಲ್ಲಿದ್ದೆ. ರಜೆಗೆ ಬಂದಾಗ ವೈನಿ ತವರಿನಿಂದ ಬಡಕಲಾಗಿ ಬಂದಿದ್ದರು. ಜ್ವರ ಬಂದಿತ್ತು ಎಂದಿದ್ದಳು ಅವ್ವ. ನಮ್ಮ ಮನೆಯಲ್ಲಿ ಹೆಸರಿಡುವ ಮೊದಲೇ ಹೋದ ಕೂಸನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದರ ಸುದ್ದಿ ಎತ್ತುವುದಿಲ್ಲ. ಎಣಿಸಿದರೆ ಅದು ಆಮೇಲೆ ಹುಟ್ಟಿದವರ ಕೈ ಹಿಡಿದು ಎಳೆಯುತ್ತದೆ ಎಂಬುದು ಅವ್ವನ ನಂಬಿಕೆ. ಅವಳಿಗೆ ಅದು ಅವಳ ಅತ್ತೆಯಿಂದ ಬಂದದ್ದು.

"ಡಾಕ್ಟ್ರು ಕೇಳಿದಾಗ ಯಾಕ ಹೇಳಲಿಲ್ಲ ವೈನಿ?" ನನ್ನ ದನಿ ಏರಿತ್ತು.

"ನೀಲಾ ಆ ಸ್ಥಿತಿಯಾಗ ಮಲಗ್ಯಾಳ. ಅಂಥಾದ್ರಾಗ ಬಾಯಿಬಿಟ್ಟು ಮೂರು ಅಂತ ಹೆಂಗ ಅನ್ಲಿ? ಅಂದದ್ದ ತಡ ಈಕೀಗೇನರ ಆದ್ರ?" ಎಂದರು ವೈನಿ.

ಆ ಮೂರು ವಾರ ಕಣ್ಣೆದುರು ಬಂದು ನಿಂತವು. ಮಗಳು ಉಳಿಯಲಿ ಎಂದೇ ಈ ತಾಯಿ ಬಾಯಿ ಮುಚ್ಚಿಕೊಂಡಿದ್ದರು. ಯಾರ ಮೇಲೆ ಸಿಟ್ಟಾಗಬೇಕು? ಅವ್ವನ ಮೇಲೆ ಆಯಿತು, ಅವ್ವನ ಅತ್ತೆಯ ಮೇಲೆ ಆಯಿತು, ಮುಖ ನೋಡದ ಅವಳ ಅತ್ತೆಯ ಮೇಲೂ ಆಯಿತು. ವೈನಿಯ ಮೇಲೆ ಮಾತ್ರ ಆಗಲಿಲ್ಲ.

ವೈನಿ ತಾವಾಗಿಯೇ ಮಾತು ಮುಂದುವರಿಸಿದರು. "ಬಿಕ್ಕಳಿಕಿ ಭಾಳ ಬರ್ತಿತ್ತು ಅಕೀಗೆ. ಬಿಕ್ಕಳಿಸಿ ತಾನ ಬೆಚ್ಚಿಬೀಳ್ತಿದ್ಲು. ಅಕಿ ಹೋದಮ್ಯಾಲೂ ಹಾಲ ಬರೂದು ನಿಲ್ಲಲಿಲ್ಲ. ಬಟ್ಟಿ ಬಿಗಿದು ಕಟ್ಟಿದ್ರು. ಅಳಬ್ಯಾಡ ಅಂದ್ರು. ಮನಸ್ಸಿನ್ಯಾಗೂ ನಾ ಹೆಸರ ಇಡಲಿಲ್ಲ ನೋಡು. ಇಟ್ರ ಕರೀಬೇಕಾಗ್ತಿತ್ತು." ಸೆರಗಿನಿಂದ ಮೂಗು ಒರೆಸಿಕೊಂಡರು. ಮೂಗಿಗೆ ಬೂದಿ ಹತ್ತಿತು. "ಖರೇ ಅಕಿ ಇನ್ನೂ ನನ್ನ ಮೈಯಾಗ ಅದಾಳೇನು?"

"ಅದಾಳ ವೈನಿ."

"ಇಷ್ಟ ವರ್ಷ?"

"ಇಷ್ಟೂ ವರ್ಷ."

ವೈನಿ ತಮ್ಮ ಎರಡೂ ತೋಳುಗಳನ್ನು ಮುಂದೆ ಚಾಚಿ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. ಹೊಸ ಸೀರೆಯನ್ನು ನೋಡುವಂತೆ ನೋಡಿಕೊಂಡರು. ಆಮೇಲೆ ಅತ್ತರು. ಹದಿನಾರು ವರ್ಷದ ಅಳು ಅದು, ಮಗ್ಗದ ಮೇಲೆ ತಲೆಯಿಟ್ಟು ಅತ್ತರು. ನಾನೂ ಅತ್ತೆ.

ಅಂದೇ ಡಾ. ರೇಗೋ ಅವರಿಗೆ ಫೋನು ಮಾಡಿದೆ. ಅವರು ರಾಶಿಯ ಚೀಲದಿಂದ ಒಂದು ಪಾಲನ್ನು ಧೈರ್ಯವಾಗಿ ಪರೀಕ್ಷೆಗೆ ಕೊಟ್ಟರು. ರಾಶಿ ಅಕ್ಕನದೇ ಎಂದು ಖಾತ್ರಿಯಾಯಿತು. ಒಡಹುಟ್ಟಿದವರಲ್ಲಿ ನಾಲ್ವರಿಗೆ ಒಬ್ಬರದು ಪೂರ್ತಿ ಹೊಂದುವ ಸಂಭವ. ಹೊಂದಿತು. ಕಸಿಗೆ ಬೇಕಾದ ಗುರುತುಗಳಲ್ಲಿ ಒಂದೂ ತಪ್ಪದಂತೆ ಹೊಂದಿತು. ಡಾಕ್ಟರು ನೆಲಮಾಳಿಗೆಯಿಂದ ಮೂರನೆಯ ಮಹಡಿಯವರೆಗೆ ಲಿಫ್ಟಿಗೂ ಕಾಯದೆ ಹತ್ತಿ ಬಂದು ವೈನಿಗೆ ಹೇಳಿದರು. "ಅಮ್ಮ, ನಿಮ್ಮ ದೊಡ್ಡ ಮಗಳು ಸಣ್ಣವಳನ್ನು ಉಳಿಸ್ತಾಳೆ."

ಪರೀಕ್ಷೆಗೆ ಹೋದದ್ದರಿಂದ ಬಿತ್ತನೆ ಕಡಿಮೆಯಾಗಿತ್ತು. ಇನ್ನೊಮ್ಮೆ, ಈ ಸಲ ಔಷಧಿಯನ್ನು ಹೆಚ್ಚು ಕೊಟ್ಟು ತೆಗೆಯಬೇಕಿತ್ತು. ಆ ಕುರ್ಚಿಯ ಮೇಲೆ ಕೂತ ವೈನಿ ನನ್ನ ಕೈ ಹಿಡಿದರು.

"ಸುವರ್ಣಾ, ಎಲ್ಲಾ ತಗೀತೀರೇನು?"

"ಔಷಧ ಜಾಸ್ತಿ ಐತಿ ವೈನಿ. ಹೆಚ್ಚೂಕಡಿಮಿ ಎಲ್ಲಾ ಬಂದುಬಿಡ್ತಾವ."

"ಮಗ್ಗದಾಗ ಹಳೇ ಹಾಸಿನ ತುದಿ ಬಿಡ್ತೀವಲ್ಲ. ಹಂಗ ಒಂಚೂರ ಬಿಡಾಕ ಬರೂದಿಲ್ಲೇನು? ಒಂದ ಗೇಣು. ಅಕಿ ಅದಾಳ ಅಂತ ನಂಗ ಗೊತ್ತಾಗಿ ಇನ್ನೂ ವಾರ ಆಗಿಲ್ಲ."

ಡಾ. ರೇಗೋ ಕೇಳಿಸಿಕೊಂಡರು. ಬಿತ್ತನೆಗೆ ಬೇಕಾದಷ್ಟು ಸಿಕ್ಕ ಕೂಡಲೇ ಯಂತ್ರ ನಿಲ್ಲಿಸೋಣ, ಉಳಿದದ್ದು ಅವರಿಗೇ ಇರಲಿ ಎಂದು ಮಾತು ಕೊಟ್ಟರು. ಯಂತ್ರ ಓಡಿತು. ನಾನು ಪರದೆ ನೋಡುತ್ತ ನಿಂತೆ. ಏರುತ್ತ ಏರುತ್ತ ಬಂದ ಗೆರೆ, ಬೇಕಾದ ಮಟ್ಟಕ್ಕಿಂತ ಎರಡು ಬೆರಳು ಕೆಳಗೆ ಬಂದು ಕುಂಟತೊಡಗಿತು. ರಕ್ತದಲ್ಲಿ ಸಿಗುವುದು ವಿರಳವಾಗುತ್ತಿತ್ತು. ಮೇಲಿನ ಮಹಡಿಯಿಂದ ನರ್ಸ್ ಬಂದು ನೀಲಾಳಿಗೆ ಆಮ್ಲಜನಕ ಹೆಚ್ಚಿಸಿದ್ದಾಗಿ ಡಾಕ್ಟರ ಕಿವಿಯಲ್ಲಿ ಹೇಳಿ ಹೋದಳು.

ನನ್ನ ಮುಖ ನೋಡಿಯೇ ವೈನಿಗೆ ತಿಳಿಯಿತು. "ಸಾಲಂಗಿಲ್ಲೇನು?"

"ಇನ್ನೊಂದ ಸ್ವಲ್ಪ..."

ವೈನಿ ಕಣ್ಣು ಮುಚ್ಚಿದರು. ತೋಳನ್ನು ಇನ್ನಷ್ಟು ಸಡಿಲ ಬಿಟ್ಟರು. "ತಗೊಂಡಬಿಡು. ಒಂದೂ ಬಿಡಬ್ಯಾಡ," ಎಂದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ತಂಗೀ ಕಡೆ ಹೊಂಟಾಳ. ಎಲ್ಲೀಗೋ ಹೊಂಟಿಲ್ಲ," ಎಂದು ತಮಗೇ ಹೇಳಿಕೊಂಡರು.

ಗೆರೆ ಮಟ್ಟ ಮುಟ್ಟಿತು. ಆಮೇಲೆ ತೆಗೆದ ಹನಿಯಲ್ಲಿ ಒಂದು ಕೋಶವೂ ಸಿಗಲಿಲ್ಲ. ವೈನಿಯ ಮೈಯಲ್ಲಿ ಇನ್ನು ಚೊಚ್ಚಲ ಮಗಳು ಇರಲಿಲ್ಲ.

ಎರಡು ವಾರದ ಬೆಳೆ ಒಂದು ಪುಟ್ಟ ಚೀಲಕ್ಕೆ ಬಂತು. ತಿಳಿಗುಲಾಬಿ ಬಣ್ಣದ ನೀರು ಅಷ್ಟೇ ನೋಡುವವರಿಗೆ. ನೀಲಾಳ ತೋಳಿಗೆ ಅದು ಹನಿಹನಿಯಾಗಿ ಇಳಿಯುವಾಗ ವೈನಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದರು. ನಾನು ಗಾಜಿನ ಈಚೆ ನಿಂತಿದ್ದೆ. ದನಿ ಕೇಳುವ ಪೆಟ್ಟಿಗೆ ಚಾಲೂ ಇತ್ತು.

"ಅಂದ್ರ ನಂಗ ಅಕ್ಕ ಇದ್ಲು?" ಎಂದಳು ನೀಲಾ.

"ಹೂಂ."

"ಎಷ್ಟ ದೊಡ್ಡಾಕಿ ಇದ್ಲು?"

"ಇಷ್ಟ." ವೈನಿ ಎರಡು ಕೈಯಲ್ಲಿ ಅಳತೆ ತೋರಿಸಿದರು. ಒಂದು ಮೊಳವೂ ಇರಲಿಲ್ಲ ಅದು.

ನೀಲಾ ಯೋಚಿಸಿದಳು. "ಹಂಗಾರ ಅಕಿ ನನಗಿಂತ ಸಣ್ಣಾಕಿ. ಅಕ್ಕನೂ ಹೌದು, ಸಣ್ಣಾಕೀನೂ ಹೌದು. ಸಣ್ಣಕ್ಕ ಅನ್ನೂಣು." ಉಸಿರು ತೆಗೆದುಕೊಳ್ಳಲು ನಿಂತಳು. "ಸಣ್ಣಕ್ಕಗ ಲೆಕ್ಕ ಬರ್ತಿರಲಿಕ್ಕಿಲ್ಲ ಬಿಡು. ನಾನ ಕಲಿಸ್ತೀನಿ." ಎಂದು ಒಂದು ಸಲ ಮಾಸ್ತರರ ಹಾಗೆ ಕೆಮ್ಮಿದಳು. ಈ ಸಲ ಅದು ಬೇಕೆಂದೇ ಕೆಮ್ಮಿದ್ದು.

ಹೀಗೆ ಆ ಕೂಸಿಗೆ ಹೆಸರಾಯಿತು. ತೊಟ್ಟಿಲಿಲ್ಲ, ಹಾಡಿಲ್ಲ, ಕಿವಿಯಲ್ಲಿ ಹೆಸರು ಊದಬೇಕಾದ ಸೋದರತ್ತೆಯಾದ ನಾನು ಗಾಜಿನ ಈಚೆ.

ಕಸಿ ಹಿಡಿಯಿತು. ಇದನ್ನು ನಾನು ಹೇಳಲೇಬೇಕು. ಬತ್ತಿದ ಮಜ್ಜೆಯಲ್ಲಿ ರಕ್ತ ಹುಟ್ಟತೊಡಗಿತು. ದಿನಾ ಬೆಳಿಗ್ಗೆ ಎಣಿಕೆ ಏರುತ್ತಿತ್ತು. ನೀಲಾಳ ರಕ್ತದ ಗುಂಪು ಬಿ ಇದ್ದದ್ದು ಮೆಲ್ಲಗೆ ಓ ಆಗುತ್ತ ಬಂತು. ಅದು ಅಕ್ಕನ ಗುಂಪು. ಡಾ. ರೇಗೋ ಅಂದು ನಮಗೆಲ್ಲ ಪೇಢೆ ತರಿಸಿದರು. ವಿಜ್ಞಾನ ತಾನು ಹೇಳಿದ್ದನ್ನೆಲ್ಲ ಮಾಡಿ ತೋರಿಸಿತು. ಆದರೆ ಎದೆಯಲ್ಲಿನ ಬೂಷ್ಟು ಆ ಮೂರು ವಾರದಲ್ಲಿ ಬೇರು ಬಿಟ್ಟಾಗಿತ್ತು. ಹೊಸ ರಕ್ತ ಹೋರಾಡಿತು, ತಡವಾಗಿ ಬಂದಿತ್ತು. ಮಾಸ್ತರರ ದನಿಗಳು ಒಂದೊಂದಾಗಿ ನಿಂತವು. ಕೊನೆಯ ದಿನ ಅವಳಿಗೆ ತನ್ನ ದನಿಯೂ ಇರಲಿಲ್ಲ. ಮಧ್ಯಾಹ್ನ ಊಟದ ಗಾಡಿ ಬರುವ ಹೊತ್ತಿಗೆ ನೀಲಾ ಹೋದಳು.

ಗುಳೇದಗುಡ್ಡದಲ್ಲಿ ಮಣ್ಣು ಮಾಡಿ ಬಂದೆವು. ಅಣ್ಣ ಮಗ್ಗದ ಹತ್ತಿರ ಹೋಗಲೇ ಇಲ್ಲ. ಜಗಲಿಯ ಮೇಲೆ ಕೂತ ಅವ್ವ ಎದೆ ಬಡಿದುಕೊಂಡು ಅತ್ತಳು.

"ಎಣಿಸಬ್ಯಾಡ್ರಿ ಅಂತ ಬಡಕೊಂಡೆ. ಎಣಿಸಿದ್ರಿ. ಹೆಸರನೂ ಇಟ್ಟ್ರಿ. ನೋಡ್ರಿ, ಕೈ ಹಿಡದು ಕರಕೊಂಡು ಹೋತು!"

ನನ್ನ ನೆತ್ತಿಗೆ ಬೆಂಕಿ ಹತ್ತಿದಂತಾಯಿತು. ಕರೆದುಕೊಂಡು ಹೋಗಲಿಲ್ಲ ಅವ್ವಾ, ಉಳಿಸಲು ಬಂದಿತ್ತು. ಮೊದಲ ದಿನ ಎಣಿಸಿದ್ದರೆ ಉಳಿಸುತ್ತಿತ್ತು. ನೀ ಎರಡು ಅಂದದ್ದಕ್ಕೆ ಹೋದಳು. ಇಷ್ಟೂ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ತೆರೆದೆ. ವೈನಿ ಬಂದು ನನ್ನ ಮೊಣಕೈ ಹಿಡಿದರು. ಗಟ್ಟಿಯಾಗಿ ಹಿಡಿದು, ತಲೆಯಾಡಿಸಿ, ಬೇಡ ಎಂದರು.

"ಮುದುಕಿ ಐತಿ. ಇದನ್ನ ಹೊತಗೊಂಡು ಎಲ್ಲಿ ಹೋಗಬೇಕು?" ಎಂದರು ಒಳಗೆ ಹೋದ ಮೇಲೆ.

ಅಂದರೆ ವೈನಿಗೆ ಎಲ್ಲ ತಿಳಿದಿತ್ತು. ಮೂರು ವಾರದ ಲೆಕ್ಕ ಯಾರೂ ಹೇಳದೆಯೇ ಅವರು ಹಾಕಿಕೊಂಡಿದ್ದರು. ಅವ್ವನ ಪಾಲನ್ನೂ ತಮ್ಮ ಪಾಲಿಗೇ ಸೇರಿಸಿ ಇಟ್ಟುಕೊಂಡಿದ್ದರು.

ತಿಂಗಳ ಮೇಲೆ ವೈನಿ ಒಬ್ಬರೇ ಹುಬ್ಬಳ್ಳಿಗೆ ಬಂದರು. ಒಬ್ಬರೇ ಬಸ್ಸು ಹತ್ತಿ ಬಂದದ್ದು ಅದೇ ಮೊದಲು. ಬೆರಳ ತುದಿಯಲ್ಲಿ ಬೂದಿ ಮೆತ್ತಿತ್ತು. ಅಣ್ಣ ಮಗ್ಗಕ್ಕೆ ಮರಳಿದ್ದಾನೆ ಎಂದು ಅದರಿಂದಲೇ ತಿಳಿದೆ.

"ಸುವರ್ಣಾ, ಒಂದ ಮಾತ ಕೇಳ್ತೀನಿ. ಸಣ್ಣಕ್ಕಂದು ರಾಶಿ, ನೀಲಾದು ಚಿಟಿಕಿ ಅಂತ ಆತಲ್ಲ. ಆ ಚಿಟಿಕಿ ಎಲ್ಲೈತಿ? ನನ್ನ ಮೈಯಾಗ ಐತೇನು?"

ಇಲ್ಲ. ಔಷಧಿ ಯಾರನ್ನೂ ಬಿಟ್ಟಿರಲಿಲ್ಲ. ನೀಲಾಳ ಕೋಶಗಳೂ ಆ ದಿನ ಬಂದು ತಮ್ಮ ಚೀಲಕ್ಕೆ ಬಿದ್ದಿದ್ದವು. ಬಿತ್ತನೆಗೆ ಸಾಲದ್ದೆಂದು ಮೂಲೆಯ ಶೀತಪೆಟ್ಟಿಗೆ ಸೇರಿದ್ದವು. ರೋಗಿ ಹೋದ ಮೇಲೆ ಉಳಿದದ್ದನ್ನೆಲ್ಲ ಸುಟ್ಟುಬಿಡುವುದು ನಮ್ಮಲ್ಲಿ ರೂಢಿ. ನೀಲಾಳದ್ದನ್ನು ಇನ್ನೂ ಸುಟ್ಟಿರಲಿಲ್ಲ. ಅದನ್ನು ಹೇಳಿದೆ.

"ಸುಡಬ್ಯಾಡ್ರಿ," ಎಂದರು ವೈನಿ. "ನನಗ ವಾಪಸ್ ಹಾಕ್ರಿ."

ಡಾ. ರೇಗೋ ಅವರ ಮುಂದೆ ಹೋಗಿ ನಿಂತೆವು. ಅವರು ಬಹಳ ಇಳಿದುಹೋಗಿದ್ದರು. "ಅಮ್ಮ, ಅದರಿಂದ ಏನೂ ಉಪಯೋಗ ಇಲ್ಲ," ಎಂದರು. "ತೀರಾ ಸ್ವಲ್ಪ. ಮೈಯಲ್ಲಿ ನಿಲ್ಲುತ್ತವೆ ಅಂತ ನಾನು ಹೇಳಲಾರೆ. ಈಗ ಬಸುರಿ ಕೂಡ ಅಲ್ಲ ನೀವು. ನಿಮ್ಮ ರಕ್ತ ಅವನ್ನು ಹೊರಗೆ ಹಾಕಬಹುದು."

"ಹಾಕಂಗಿಲ್ರಿ," ಎಂದರು ವೈನಿ.

ಡಾಕ್ಟರು ಕಿಟಕಿಯ ಕಡೆ ತಿರುಗಿದರು. "ಅವರಿಂದ ತೆಗೆದದ್ದು. ಅವರದನ್ನು ಅವರಿಗೆ ಕೊಡಬೇಡ ಅನ್ನಲಿಕ್ಕೆ ನಾನು ಯಾರು?" ಎಂದರು. ತಿರುಗಿ ನಮ್ಮನ್ನು ನೋಡಲಿಲ್ಲ.

ವೈನಿ ಅದೇ ಕುರ್ಚಿಯಲ್ಲಿ ಕೂತರು. ಆ ವಾರವಷ್ಟೇ ಕೆಲಸಕ್ಕೆ ಸೇರಿದ್ದ ಹೊಸ ನರ್ಸ್ ಒಬ್ಬಳು, ಏನೂ ತಿಳಿಯದವಳು, ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಕೇಳಿದಳು.

"ಮಕ್ಕಳು ಎಷ್ಟ್ರೀ ಅಕ್ಕಾರ?"

ನಾನು ತಡೆಯಲು ಹೋದೆ. ಅಷ್ಟರಲ್ಲಿ ವೈನಿ ತಲೆ ಎತ್ತಿದ್ದರು.

"ಮೂರು," ಎಂದರು. "ಸಣ್ಣಕ್ಕ, ಪ್ರಭು, ನೀಲಾ."

ಕರಗಿಸಿದ ನೀರು ಸಿರಿಂಜಿನ ತಳದಲ್ಲಿ ಒಂದು ಚಮಚವೂ ಇರಲಿಲ್ಲ. ನಾನೇ ಚುಚ್ಚಿದೆ. ವೈನಿ ಇನ್ನೊಂದು ಕೈಯಿಂದ ನನ್ನ ಮುಂಗೈ ಹಿಡಿದುಕೊಂಡರು. ಒತ್ತಿ ಮುಗಿಸಿದೆ. ಹತ್ತಿ ಇಟ್ಟು ತೋಳು ಮಡಚಿದೆ.

"ಕೆಚ್ಚತಾವೇನು?" ಎಂದು ಕೇಳಿದರು.

"ಗೊತ್ತಿಲ್ಲ ವೈನಿ. ತುದಿ ಒಂದೂ ಉಳಿದಿಲ್ಲ ಒಳಗ."

ಬಸ್‌ಸ್ಟ್ಯಾಂಡಿನವರೆಗೆ ನಾನೂ ನಡೆದೆ. ರಕ್ತ ಯಾವಾಗಲೋ ನಿಂತಿತ್ತು, ಹತ್ತಿ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು. ಅವರು ಮಾತ್ರ ಆ ತೋಳನ್ನು ಎದೆಗೆ ಮಡಚಿಕೊಂಡೇ ಇದ್ದರು. ಚೀಲ ನಾನು ಹಿಡಿದುಕೊಂಡೆ. ಬಸ್ಸು ಹತ್ತುವಾಗಲೂ ಒಂದೇ ಕೈಯಲ್ಲಿ ಕಂಬಿ ಹಿಡಿದು ಹತ್ತಿದರು. ಕಿಟಕಿಯ ಪಕ್ಕ ಕೂತ ಮೇಲೂ ತೋಳು ಬಿಚ್ಚಲಿಲ್ಲ. ಇನ್ನು ಬಿಚ್ಚಬಹುದು ವೈನಿ ಎಂದು ನಾನು ಹೇಳಲಿಲ್ಲ.